ಹದಿನಾಲ್ಕು ರೀಲಿನ ಪೆಟ್ಟಿಗೆ

ರಾಯಚೂರು

2003ರ ಜನವರಿ 17, ಶುಕ್ರವಾರ, ಬೆಳಿಗ್ಗೆ 5.40. ರೈಲು ಹತ್ತಿ ಕಿಟಕಿಯ ಪಕ್ಕ ಕೂತ ಕೂಡಲೇ ಡೈರಿ ತೆಗೆದು ಬರೆದುಕೊಂಡೆ: ಚೀಲ ಒಂದು, ನೋಟುಬುಕ್ಕು ಎರಡು, ನಾಲ್ಕು ಬಣ್ಣದ ನಾಲ್ಕು ಪೆನ್ನು, ಚಪಾತಿ ಆರು. ಉಳಿದಿರುವ ಸಮಯ ಎಪ್ಪತ್ತಾರು ಗಂಟೆ ಐವತ್ತು ನಿಮಿಷ.

ಸಮಯವನ್ನು ಎಣಿಸಲು ಕಾರಣವಿತ್ತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು ಕಾಲೇಜಿನಲ್ಲಿ ದೇಸಾಯಿ ಸರ್ ಎದುರು ನಿಲ್ಲಬೇಕಿತ್ತು. ನಾನು ಮತ್ತು ಗೆಳತಿ ಮಂಜುಳಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೆವು. ನಮ್ಮೂರು ಲಿಂಗಸುಗೂರಿನಲ್ಲಿ ಹಿಂದೆ ಇದ್ದ ಟೂರಿಂಗ್ ಟಾಕೀಸಿನ ಡೇರೆಯ ಬಗ್ಗೆ. ಚಿತ್ರ ಶುರುವಾಗುವುದೇ ಹೀಗೆ: ‘ಈ ಡೇರೆ ಇದ್ದಷ್ಟು ಕಾಲ ಇಲ್ಲಿಗೆ ಒಂದೇ ಒಂದು ಕನ್ನಡ ಚಿತ್ರವೂ ಬರಲಿಲ್ಲ.’ ಪೆಟ್ಟಿಗೆಗಳೆಲ್ಲ ಸಿಕಂದರಾಬಾದಿನಿಂದ ಬರುತ್ತಿದ್ದವು, ಅವುಗಳಲ್ಲಿ ತೆಲುಗು ಮತ್ತು ಹಿಂದಿ ಚಿತ್ರಗಳಷ್ಟೇ ಇರುತ್ತಿದ್ದವು, ಕನ್ನಡದ ಊರು ಕನ್ನಡ ಚಿತ್ರ ಕಾಣದೆ ಬೆಳೆಯಿತು ಎಂಬುದು ನಮ್ಮ ವಾದ. ಇಡೀ ಚಿತ್ರ ಆ ಒಂದು ವಾಕ್ಯದ ಮೇಲೆ ನಿಂತಿತ್ತು. ದೇಸಾಯಿ ಸರ್ ಅದರ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ‘ಇದರ ಮೂಲ ಕಣ್ಣಾರೆ ನೋಡಿದವರು ಯಾರು?’ ಎಂದು ಬರೆದಿದ್ದರು. ಸೋಮವಾರದೊಳಗೆ ಉತ್ತರ ಕೊಡದಿದ್ದರೆ ಸಹಿ ಇಲ್ಲ. ಸಹಿ ಇಲ್ಲದ ಚಿತ್ರ ಪರೀಕ್ಷೆಗೆ ಹೋಗುವುದಿಲ್ಲ. ಇಬ್ಬರದೂ ಒಂದು ವರ್ಷ ಹಾಳು.

ನನ್ನ ಹತ್ತಿರ ಐದು ಮೂಲಗಳಿದ್ದವು. ವಿಚಾರಸಂಕಿರಣದ ಒಂದು ಪ್ರಬಂಧ, ಸ್ಮರಣಸಂಚಿಕೆಯ ಲೇಖನ, ವಾರಪತ್ರಿಕೆಯ ಲೇಖನ, ಪುಸ್ತಕವೊಂದರ ಅಧ್ಯಾಯ, ಸೈಬರ್ ಕೆಫೆಯಲ್ಲಿ ಸಿಕ್ಕ ಒಂದು ಪುಟ. ಐದೂ ಅದೇ ಮಾತನ್ನು ಹೇಳುತ್ತಿದ್ದವು. ಐದು ಸಾಲದೇ ಸರ್ ಎಂದು ಕೇಳಿ ಬೈಸಿಕೊಂಡಿದ್ದೆ. ಈಗ ರೈಲಿನಲ್ಲಿ ಯಾರು ಯಾರಿಂದ ತೆಗೆದುಕೊಂಡಿದ್ದಾರೆ ಎಂದು ಹಸಿರು ಪೆನ್ನಿನಲ್ಲಿ ಬಾಣ ಹಾಕುತ್ತ ಹೋದೆ. ಯಾದಗಿರಿ ಬರುವ ಹೊತ್ತಿಗೆ ಬಾಣಗಳೆಲ್ಲ ಒಂದೇ ಕಡೆ ತಿರುಗಿದ್ದವು. ಹೈದರಾಬಾದಿನ ವಿಶ್ವವಿದ್ಯಾಲಯವೊಂದರಲ್ಲಿ ಇರುವ, ಅಚ್ಚಾಗದ, ಇಂಗ್ಲಿಷಿನ ಒಂದು ಪಿಎಚ್.ಡಿ. ಪ್ರಬಂಧ. ಐದು ಬಾಯಿ, ಮಾತು ಒಂದೇ. ಆ ಪ್ರಬಂಧವನ್ನು ಐವರಲ್ಲಿ ಎಷ್ಟು ಜನ ತೆರೆದು ನೋಡಿದ್ದರೋ.

ನನ್ನ ಸೋದರತ್ತೆಯ ಪ್ರಕಾರ ಕೃಷ್ಣಾ ನದಿ ದಾಟಿದರೆ ಪರದೇಶ. ತಾಂಡೂರು ದಾಟಿದ ಮೇಲೆ ಎದುರಿಗೆ ಕೂತಿದ್ದ ಹೆಂಗಸು ನನ್ನ ನೋಟುಬುಕ್ಕು ನೋಡಿ, ಯಾವ ಕೋರ್ಸಿಗೆ ಹೊರಟಿದ್ದೀಯ ಎಂದು ತೆಲುಗಿನಲ್ಲಿ ಕೇಳಿದರು. ಕಂಪ್ಯೂಟರ್ ಕೋರ್ಸ್ ಎಂದು ಅವರೇ ಊಹಿಸಿಕೊಂಡಿದ್ದರು. ಸಿನಿಮಾದ ಮೇಲೆ ಓದುತ್ತಿದ್ದೇನೆ ಎಂದಾಗ ಕರುಣೆಯಿಂದ ಒಂದು ಬಾಳೆಹಣ್ಣು ಕೊಟ್ಟರು. ಡೈರಿಯ ಕೊನೆಯ ಪುಟದಲ್ಲಿ ‘ಕೋರ್ಸ್’ ಎಂದು ಬರೆದು ಒಂದು ಗೀಟು ಹಾಕಿದೆ.

ಸಿಕಂದರಾಬಾದ್

ಮಧ್ಯಾಹ್ನ 12.20. ವಿಠ್ಠಲ ಕಾಕಾ ನಿಲ್ದಾಣಕ್ಕೆ ಬಂದಿದ್ದರು. ಅಪ್ಪನ ದೂರದ ತಮ್ಮ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಅಲ್ಲೇ ಮನೆ ಮಾಡಿಕೊಂಡವರು. ನಿಲ್ದಾಣದಿಂದ ಹೊರಗೆ ಬರುವಷ್ಟರಲ್ಲಿ ಅವರು ಕೂಲಿಯವನೊಂದಿಗೆ ತೆಲುಗು, ಚಹಾದವನೊಂದಿಗೆ ಹಿಂದಿ, ನನ್ನೊಂದಿಗೆ ಕನ್ನಡ ಮಾತಾಡಿದರು. ನಮ್ಮ ಕಡೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಜನ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕಾಕಾ ಅಂಗಿಯ ಒಂದು ಜೇಬಿನಿಂದ ಇನ್ನೊಂದಕ್ಕೆ ಕೈ ಹಾಕಿದಷ್ಟು ಸುಲಭವಾಗಿ ಬದಲಿಸುತ್ತಿದ್ದರು.

ಅಲ್ಲಿಂದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಕಂಡ ಕಂಬಗಳ ಮೇಲೆಲ್ಲ ಕಂಪ್ಯೂಟರ್ ತರಗತಿಗಳ ಚೀಟಿಗಳು. ಒಂದರ ಮೇಲೊಂದು ಅಂಟಿಸಿ ಕಂಬಗಳೇ ದಪ್ಪವಾಗಿದ್ದವು. ಎರಡು ನಿಲ್ದಾಣಗಳ ನಡುವೆ ಎಣಿಸಲು ಶುರು ಮಾಡಿ ಅರವತ್ತಕ್ಕೆ ಕೈಬಿಟ್ಟೆ.

ಗ್ರಂಥಾಲಯದ ಬಾಗಿಲಲ್ಲಿ ಚೀಲ ತೆರೆದು ಎರಡು ಸಲ ತಡಕಾಡಿದೆ. ಪ್ರಬಂಧ ಓದಲು ಕಾಲೇಜಿನ ಪತ್ರ ಬೇಕು ಎಂದು ಮೊದಲೇ ಗೊತ್ತಿತ್ತು. ದೇಸಾಯಿ ಸರ್ ಬರೆದುಕೊಟ್ಟೂ ಇದ್ದರು. ಪತ್ರ ಮಂಜುಳಾ ಚೀಲದಲ್ಲೇ ಉಳಿದಿತ್ತು. ಬೆಳಿಗ್ಗೆ ಬರೆದ ಪಟ್ಟಿಯಲ್ಲಿ ಚಪಾತಿ ಎಣಿಸಿದ್ದೆ, ಪತ್ರ ಎಣಿಸಿರಲಿಲ್ಲ. ಒಳಗಿದ್ದ ಅಧಿಕಾರಿ ಮರ್ಯಾದೆಯಿಂದಲೇ, ಪತ್ರವಿಲ್ಲದೆ ಆಗುವುದಿಲ್ಲ, ಸೋಮವಾರ ಬನ್ನಿ ಎಂದರು. ಕಾಕಾ ತೆಲುಗಿನಲ್ಲಿ, ಉರ್ದುವಿನಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಕೇಳಿ ನೋಡಿದರು. ನಾಳೆ ಒಂದು ಗಂಟೆಗೆ ಬಾಗಿಲು ಮುಚ್ಚುತ್ತದೆ, ಅಷ್ಟರೊಳಗೆ ಪತ್ರ ಫ್ಯಾಕ್ಸಿನಲ್ಲಿ ಬಂದರೆ ನೋಡೋಣ ಎಂಬಲ್ಲಿಗೆ ಮಾತು ನಿಂತಿತು.

ಶನಿವಾರ ಒಂಬತ್ತರಿಂದ ಪಕ್ಕದ ಎಸ್‌ಟಿಡಿ ಬೂತಿನಲ್ಲಿ ಕೂತೆ. ರಾಯಚೂರಿನಲ್ಲಿ ಮಂಜುಳಾ ಫ್ಯಾಕ್ಸ್ ಇರುವ ಅಂಗಡಿ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದಳು. ಬೂತಿನವನೂ ಯಾವ ಕೋರ್ಸ್ ಎಂದು ಕೇಳಿದ. ಅದು ಐದನೆಯ ಗೀಟು. 10.50ಕ್ಕೆ ಯಂತ್ರ ಕರಕರ ಎಂದು ದೇಸಾಯಿ ಸರ್ ಸಹಿಯನ್ನು ಉಗುಳಿತು.

ಓದುವ ಕೋಣೆ

11.05ರಿಂದ 1.00. ನೂರಾ ಹದಿನೈದು ನಿಮಿಷ, ಮುನ್ನೂರಕ್ಕೂ ಮಿಕ್ಕಿದ ಪುಟ. ಪ್ರಬಂಧದ ಹಿಂದೆ ಅಂಟಿಸಿದ ಚೀಟಿಯಲ್ಲಿ ನನಗಿಂತ ಮುಂಚೆ ಅದನ್ನು ಓದಿದವರ ಸಹಿಗಳಿದ್ದವು: ಎರಡು. ಅಂದರೆ ನನ್ನ ಐವರಲ್ಲಿ ಮೂವರಾದರೂ ಇಲ್ಲಿಗೆ ಬಂದಿರಲಿಲ್ಲ.

ನಮ್ಮ ವಾಕ್ಯ ನಾಲ್ಕನೇ ಅಧ್ಯಾಯದಲ್ಲಿ ಸಿಕ್ಕಿತು. ಅದರ ಕೆಳಗೆ ಅಡಿಟಿಪ್ಪಣಿ, ಅಡಿಟಿಪ್ಪಣಿಯಿಂದ ಮೂರನೇ ಅನುಬಂಧಕ್ಕೆ ದಾರಿ. ಸಂಶೋಧಕರು ಬರೆದಿದ್ದು ಇಷ್ಟು: ಸಿಕಂದರಾಬಾದಿನ ಹಂಚಿಕೆದಾರರ ಕಚೇರಿಯಿಂದ ಚಿತ್ರದ ರೀಲುಗಳು ತಗಡಿನ ಪೆಟ್ಟಿಗೆಯಲ್ಲಿ ಊರೂರಿಗೆ ಹೋಗುತ್ತಿದ್ದವು. ವಾಪಸು ಬಂದಾಗ ಕಚೇರಿಯಲ್ಲಿ ಕೂತವರು ಒಂದೊಂದು ರೀಲನ್ನೂ ಬಿಚ್ಚಿ, ಹರಿದಲ್ಲಿ ಅಂಟಿಸಿ, ಪೆಟ್ಟಿಗೆಯ ಕಾರ್ಡಿನ ಮೇಲೆ ಒಂದು ಸಾಲು ಬರೆಯುತ್ತಿದ್ದರು: ಊರು, ದಿನಗಳು, ರೀಲುಗಳ ಸಂಖ್ಯೆ, ಏನು ಹಾನಿ. ಕಾರ್ಡಿನ ತಲೆಯ ಮೇಲೆ ಚಿತ್ರದ ಹೆಸರು. ಅಂಥ ಮೂವತ್ತೆರಡು ಕಾರ್ಡುಗಳು ಹೈದರಾಬಾದಿನ ಕೋಠಿಯ ರದ್ದಿ ಅಂಗಡಿಯೊಂದರಲ್ಲಿ ಅವರಿಗೆ ನೋಡಲು ಸಿಕ್ಕಿದ್ದವು. ಯಾವುದರ ತಲೆಯ ಮೇಲೂ ಕನ್ನಡ ಚಿತ್ರದ ಹೆಸರಿರಲಿಲ್ಲ. ಆದ್ದರಿಂದ ಕನ್ನಡ ಚಿತ್ರ ಹೋಗಲಿಲ್ಲ.

ಒಂದು ಕಾರ್ಡಿನ ನೆರಳಚ್ಚು ಮಾತ್ರ ಅನುಬಂಧದಲ್ಲಿತ್ತು. ಒಂದು ತೆಲುಗು ಚಿತ್ರದ್ದು, ನಲವತ್ತೊಂದು ಸಾಲು. ಅಭ್ಯಾಸಬಲದಿಂದ ಎಲ್ಲವನ್ನೂ ನೋಟುಬುಕ್ಕಿಗೆ ಇಳಿಸಿದೆ. ಲಿಂಗಸುಗೂರು ಒಂಬತ್ತನೇ ಸಾಲಿನಲ್ಲಿ ಒಮ್ಮೆ, ಮೂವತ್ತೊಂದರಲ್ಲಿ ಇನ್ನೊಮ್ಮೆ. ರೀಲುಗಳ ಸಂಖ್ಯೆ ಇಪ್ಪತ್ತಾರನೇ ಸಾಲಿನ ತನಕ ಹದಿನೇಳು. ಇಪ್ಪತ್ತೇಳರಿಂದ ಕೊನೆಯ ತನಕ ಹದಿನಾಲ್ಕು.

ನಾನೇ ತಪ್ಪಿ ಬರೆದೆನೇನೋ ಎಂದು ಮೂರು ಸಲ ನೋಡಿದೆ. ತಪ್ಪಿರಲಿಲ್ಲ. ಸಂಶೋಧಕರೂ ಗಮನಿಸಿದ್ದರು: ‘ಮೂರು ರೀಲುಗಳು ಕಳೆದುಹೋಗಿರಬೇಕು.’ ಇರಬೇಕು ಎಂಬ ಮಾತಿನ ಕೆಳಗೆ ಕೆಂಪು ಗೆರೆ ಎಳೆದೆ. ನನ್ನ ನೋಟುಬುಕ್ಕಿನಲ್ಲಿ, ಅವರ ಪ್ರಬಂಧದಲ್ಲಲ್ಲ.

12.50ಕ್ಕೆ ಜೆರಾಕ್ಸ್ ಯಂತ್ರದವನು ಬಟ್ಟೆ ಹೊದಿಸುತ್ತಿದ್ದ. ಬೇಡಿಕೊಂಡು ಆ ಒಂದು ಪುಟ ಮಾಡಿಸಿದೆ. ದೇಸಾಯಿ ಸರ್ ಕೇಳಿದ ಉತ್ತರ ಕೈಗೆ ಬಂದಿತ್ತು. ಅಲ್ಲಿಗೇ ವಾಪಸು ಹೋಗಬಹುದಿತ್ತು.

ಕೋಠಿ

ಹೋಗಲಿಲ್ಲ. ಉಳಿದ ಮೂವತ್ತೊಂದು ಕಾರ್ಡುಗಳಲ್ಲೂ ಹೀಗೆ ಸಂಖ್ಯೆ ಬದಲಾಗಿದೆಯೇ ಎಂಬುದು ತಲೆಯಿಂದ ಇಳಿಯಲಿಲ್ಲ. ಮೂರು ಗಂಟೆಗೆ ಕೋಠಿಯಲ್ಲಿದ್ದೆ. ಬಟ್ಟೆಯ ಅಂಗಡಿ, ಔಷಧಿಯ ಅಂಗಡಿ, ಅವುಗಳ ಮಧ್ಯೆ ಹಳೆ ಪುಸ್ತಕದವರು. ನಮ್ಮ ಕಡೆ ರದ್ದಿಯವರು ಎಲ್ಲವನ್ನೂ ಒಂದೇ ಗುಡ್ಡೆ ಮಾಡುತ್ತಾರೆ. ಇಲ್ಲಿಯವರು ಕಾಗದವನ್ನು ಮುಟ್ಟಿ ನೋಡಿ ಬೇರೆ ಬೇರೆ ಇಡುತ್ತಾರೆ. ಏಳು ಅಂಗಡಿ ಕೇಳಿದೆ. ಏಳನೆಯದರಲ್ಲಿ, ಬಿಳಿ ಗಡ್ಡದ ಮುದುಕರೊಬ್ಬರು ಕನ್ನಡಕ ಏರಿಸಿ, “ಕೌನ್ಸೆ ಕೋರ್ಸ್ ಕು ಆಯೆ ಬೇಟಾ?” ಎಂದರು. ಎಂಟನೆಯ ಗೀಟು.

ಜೆರಾಕ್ಸ್ ತೋರಿಸಿದೆ. ಅವರ ಮುಖದ ನಗು ಹೋಯಿತು. ಆ ಕಾರ್ಡುಗಳು ಅವರ ಅಂಗಡಿಯವೇ. ಕಚೇರಿ ಮುಚ್ಚಿದಾಗ ತೂಕಕ್ಕೆ ಕೊಂಡಿದ್ದು, ಸಂಶೋಧಕರು ನೋಡಿ ಹಿಂತಿರುಗಿಸಿದ ಮೇಲೆ ರಟ್ಟಿನ ಕಾರ್ಖಾನೆಗೆ ಕೊಟ್ಟುಬಿಟ್ಟಿದ್ದು. ಅಂದರೆ ಇನ್ನಿಲ್ಲ. ಆಮೇಲೆ, ತಡವಾಗಿ, ಒಬ್ಬ ಹೆಂಗಸು ಅವನ್ನೇ ಹುಡುಕಿಕೊಂಡು ಬಂದಳಂತೆ, ಆ ಕಚೇರಿಯಲ್ಲಿ ರೀಲು ನೋಡುತ್ತಿದ್ದವಳು. ಎಂದಾದರೂ ಸಿಕ್ಕರೆ ತಿಳಿಸಿ ಎಂದು ವಿಳಾಸದ ಚೀಟಿ ಕೊಟ್ಟು ಹೋದಳಂತೆ. ತಕ್ಕಡಿಯ ಪೀಠದ ಕೆಳಗಿನಿಂದ ಅವರು ಆ ಚೀಟಿ ತೆಗೆದರು. ಮಡಿಕೆಯಲ್ಲಿ ಹರಿದಿತ್ತು. ಶಾಂತಾಬಾಯಿ, ಜೀಡಿಮೆಟ್ಲಾ. ತೆಲುಗಿನಲ್ಲಿ ಬರೆದು, ಕೆಳಗೆ ಹೆಸರನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದಳು.

ಜೀಡಿಮೆಟ್ಲಾ

ಜನವರಿ 19, ಭಾನುವಾರ, ಬೆಳಿಗ್ಗೆ 10.15. ಬಸ್ಸಿಳಿದ ಕೂಡಲೇ ಔಷಧಿ ಕಾರ್ಖಾನೆಗಳ ವಾಸನೆ ಗಂಟಲಿಗೆ ಹತ್ತಿತು. ಊರಿಗೆ ಹೋಗುವ ರೈಲು ಮಧ್ಯಾಹ್ನದ್ದು. ನನಗಿದ್ದದ್ದು ಎರಡು ಗಂಟೆ. ಚೀಟಿಯಲ್ಲಿದ್ದ ಬೀದಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಮುರುಕು ತೆಲುಗಿನಲ್ಲಿ ಕೇಳುತ್ತ ನಲವತ್ತು ನಿಮಿಷ ಕಳೆದೆ. ಕಟ್ಟುತ್ತಿದ್ದ ಕಟ್ಟಡವೊಂದರ ಮುಂದೆ ಮೂವರು ಹೆಂಗಸರು ಮರಳು ಸಾಣಿಸುತ್ತ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಬೀದರಿನ ಕಡೆಯವರು. ನಾನು ಹೆಸರು ಹೇಳಿದ್ದೇ ತಡ, ಒಬ್ಬಳು ಸಾಣಿಗೆ ಕೆಳಗಿಟ್ಟಳು.

“ರೀಲಬಾಯಿ ಅನ್ನಬಾರದೇನವಾ ಮೊದಲ? ಶಾಂತಾಬಾಯಿ ಅಂದ್ರ ಅಕಿ ಮಗನಿಗೂ ತಿಳಿಯಂಗಿಲ್ಲ.”

ಎರಡು ಕೋಣೆಯ ಮನೆ. ಮಗ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಶಾಂತಾಬಾಯಿಗೆ ಅರವತ್ತೈದರ ಆಸುಪಾಸು. ಭಾಲ್ಕಿಯ ಹತ್ತಿರದ ಊರಿನವರು. ಲಗ್ನವಾಗಿ ಸಿಕಂದರಾಬಾದಿಗೆ ಬಂದು, ಗಂಡ ತೀರಿಕೊಂಡ ಮೇಲೆ ಆ ಕಚೇರಿಯಲ್ಲಿ ರೀಲು ನೋಡಲು ಕೂತು, ಅಲ್ಲೇ ಕೂದಲು ಬೆಳ್ಳಗಾದವರು. ನಾನು ಕಾರ್ಡಿನ ಮಾತೆತ್ತಿದಾಗ ಯಾವ ಕೋರ್ಸ್ ಎಂದು ಕೇಳದ ಮೊದಲ ವ್ಯಕ್ತಿ ಅವರೇ. ಅವರು ಕೇಳಿದ್ದು, “ಯಾವ ಪೆಟಗಿ?”

ಜೆರಾಕ್ಸ್ ಕೊಟ್ಟೆ. ಬಾಗಿಲಿನ ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗೆ ಹೆಬ್ಬೆರಳು ಎಳೆಯುತ್ತ ಹೋದರು. ಇಪ್ಪತ್ತೇಳನೇ ಸಾಲಿಗೆ ಬೆರಳು ನಿಂತಿತು. ನಾನು ಏನೂ ಹೇಳಿರಲಿಲ್ಲ.

“ಇಲ್ಲಿಂದ ನಂದು,” ಎಂದರು.

ಮೂರು ರೀಲು ಕಳೆದವಂತಲ್ಲ ಆಯಿ, ಎಂದು ಕೇಳಿದೆ. ಪುಸ್ತಕದಲ್ಲಿ ಹಾಗೆ ಬರೆದಿದೆ ಎಂದೂ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮಿದರು.

“ಬರದಾಂವ ಡೇರೇದಾಗ ಕುಂತು ಸಿನಿಮಾ ನೋಡ್ಯಾನೇನು? ಮೂರು ರೀಲ್ ಇಲ್ಲದ ಸಿನಿಮಾ ತೋರ್ಸಿದ್ರ ಮಂದಿ ಡೇರೇಕ್ಕ ಬೆಂಕಿ ಹಚ್ತಿದ್ರು. ಪೆಟಗಿ ಒಂದೇ ಐತಿ ತಂಗಿ. ಒಳಗಿನ ಸೊಸಿ ಬ್ಯಾರೆ.”

ಆಮೇಲೆ ಅವರು ಬಿಡಿಸಿ ಹೇಳಿದ್ದು ಹೀಗೆ. ತೆಲುಗು ಚಿತ್ರದ ರೀಲುಗಳು ಓಡಿ ಓಡಿ ಸವೆದು ಕೆಲಸಕ್ಕೆ ಬಾರದಾದಾಗ ಅವನ್ನು ತೆಗೆದು, ಅದೇ ಪೆಟ್ಟಿಗೆಗೆ ಬೇರೆ ಚಿತ್ರ ತುಂಬುತ್ತಿದ್ದರು. ಸಣ್ಣ ಊರುಗಳಿಗೆ ಹೋಗುವ ಚಿತ್ರಕ್ಕೆ ಹೊಸ ಪೆಟ್ಟಿಗೆ ಯಾರೂ ಮಾಡಿಸುತ್ತಿರಲಿಲ್ಲ. ಕಾರ್ಡು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿರುತ್ತಿತ್ತು. ಜಾಗ ಇರುವ ತನಕ ಅದರಲ್ಲೇ ಬರೆಯುತ್ತ ಹೋಗುವುದು. ತಲೆಯ ಮೇಲಿನ ಹೆಸರು ಯಾರೂ ಬದಲಿಸುತ್ತಿರಲಿಲ್ಲ, ಯಾಕೆಂದರೆ ಅದನ್ನು ಓದುವವರೇ ಇರಲಿಲ್ಲ. ಕಚೇರಿಯವರಿಗೆ ಪೆಟ್ಟಿಗೆಯ ನಂಬರು ಸಾಕಿತ್ತು.

ಹಾಗಾದರೆ ಇಪ್ಪತ್ತೇಳರಿಂದ ಒಳಗಿದ್ದದ್ದು ಯಾವ ಭಾಷೆಯದು ಎಂದು ಕೇಳಿದೆ.

“ನಮ್ಮದ. ಆ ಖೋಲ್ಯಾಗ ನಾಕ ಮಂದಿ ಇದ್ವಿ, ಕನ್ನಡ ಓದಾಕ ಬರ್ತಿದ್ದಾಕಿ ನಾನೊಬ್ಬಾಕಿ. ಕನ್ನಡದ್ದು ಬಂತಂದ್ರ ನನ್ನ ಮ್ಯಾಜಿಗೇ ಹಾಕೂದು. ಬಲ್ಬಿಗೆ ಹಿಡದು ಹೆಸರು ಓದಿ ಹೇಳ್ತಿದ್ದೆ, ಅವ್ರು ನಗ್ತಿದ್ರು.” ಹೇಳುವಾಗ ಅವರ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲಿ ಕಾಣದ ಪಟ್ಟಿಯೊಂದನ್ನು ಎಳೆಯುತ್ತಿದ್ದವು. ತುದಿಗಳಲ್ಲಿ ಹಳೆಯ ಕೊಯ್ತದ ಗೆರೆಗಳಿದ್ದವು.

ನನ್ನ ಚಿತ್ರದ ಮೊದಲ ವಾಕ್ಯ ಆ ಕೋಣೆಯಲ್ಲೇ ಸತ್ತಿತು. ಆದರೂ ದೇಸಾಯಿ ಸರ್ ಕೆಂಪು ಪೆನ್ಸಿಲ್ಲು ಕಣ್ಮುಂದೆ ಬಂತು. ಇದು ಒಬ್ಬರ ನೆನಪು. ಇದಕ್ಕೆ ಆಧಾರವೇನು? ಕೇಳಲು ನಾಚಿಕೆಯಾಯಿತು. ಗಡಿಯಾರ ನೋಡಿದೆ, 11.40. ನೋಟುಬುಕ್ಕು ತೆರೆದು ಅವರ ಮುಂದಿಟ್ಟು, ಹದಿನಾಲ್ಕು ಎಂದು ಅಂಕಿಯಲ್ಲಿ ಐದು ಸಲ ಬರೆದುಕೊಡುತ್ತೀರಾ ಎಂದೆ.

ಅವರು ನನ್ನನ್ನೇ ನೋಡಿದರು. “ನನ್ನ ಪರೀಕ್ಷಾ ಮಾಡಾಕತ್ತೀಯೇನು?”

“ಹೌದ್ರಿ ಆಯಿ.”

“ಮಾಡು. ಮೂವತ್ತ ವರ್ಷದಾಗ ಯಾರೂ ಮಾಡ್ಲಿಲ್ಲ.”

ಪೆನ್ನು ಹಿಡಿದು ನಿಧಾನವಾಗಿ ಬರೆದರು. ನಾಲ್ಕರ ಕಾಲನ್ನು ಕೆಳಗೆ ಎಳೆದು ಎಡಕ್ಕೆ ಒಂದು ಕೊಕ್ಕೆ. ಜೆರಾಕ್ಸಿನಲ್ಲಿ ಇಪ್ಪತ್ತೇಳರಿಂದ ನಲವತ್ತೊಂದರ ತನಕ ಹದಿನೈದು ಸಲ ಅದೇ ಕೊಕ್ಕೆ. ಮೊದಲ ಇಪ್ಪತ್ತಾರು ಸಾಲುಗಳಲ್ಲಿ ಯಾವ ನಾಲ್ಕಕ್ಕೂ ಕೊಕ್ಕೆ ಇರಲಿಲ್ಲ.

ಮೂವತ್ತೊಂದನೇ ಸಾಲು ತೋರಿಸಿ, ನಮ್ಮೂರಿಗೆ ಹೋದದ್ದು ಯಾವ ಚಿತ್ರ ಎಂದು ಕೇಳಿದೆ. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ನೆನಪಾಗಲಿಲ್ಲ. ಸುಳ್ಳು ಹೇಳಬಹುದಿತ್ತು, ನಾನು ನಂಬುತ್ತಿದ್ದೆ. “ಹೆಸರು ಬರವಲ್ದು. ಆರನೇ ರೀಲಿನ್ಯಾಗ ಒಂದು ಹಾಡು ಪದೇ ಪದೇ ಹರೀತಿತ್ತು. ಅಷ್ಟ ಗೊತ್ತು,” ಎಂದರು. ಆ ಸಾಲಿನ ಹಾನಿಯ ಅಂಕಣದಲ್ಲಿ ಆರು ಎಂಬ ಅಂಕಿ ಇತ್ತು.

ಕಾರ್ಡುಗಳನ್ನು ಹುಡುಕಿಕೊಂಡು ಕೋಠಿಗೆ ಯಾಕೆ ಹೋಗಿದ್ದಿರಿ ಎಂದು ಏಳುವಾಗ ಕೇಳಿದೆ. ಕಚೇರಿಯ ಯಾವ ಕಾಗದದಲ್ಲೂ ತಮ್ಮ ಹೆಸರಿಲ್ಲ, ಆ ಅಕ್ಷರಗಳಾದರೂ ಮನೆಯಲ್ಲಿರಲಿ ಅನ್ನಿಸಿತು ಎಂದರು. ಪ್ರಬಂಧದಲ್ಲಿ ಅವರನ್ನು ‘ಅಜ್ಞಾತ ಗುಮಾಸ್ತ’ ಎಂದು ಕರೆದಿದ್ದಾರೆ ಎಂದು ನಾನು ಹೇಳಲಿಲ್ಲ.

ಮತ್ತೆ ಸಿಕಂದರಾಬಾದ್

ನಿಲ್ದಾಣದ ಬೂತಿನಿಂದ ಮಂಜುಳಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಮ್ಮ ಚಿತ್ರದ ಹಿನ್ನೆಲೆಯ ಧ್ವನಿ ಆಗಲೇ ಮುದ್ರಣ ಆಗಿತ್ತು, ಜೋಡಿಸಿದ್ದೂ ಆಗಿತ್ತು.

“ಮೂಲ ಕೇಳಿದ್ರು, ಪ್ರಬಂಧ ನೋಡಿ ಬಂದಿ. ಪುಟದ ನಂಬರ್ ಐತಿ. ಸಹಿ ಬೀಳತೈತಿ,” ಎಂದಳು. “ಆ ಮುದುಕಿನ್ನ ನೀ ಭೆಟ್ಟಿ ಆಗೇ ಇಲ್ಲ ಅಂತ ತಿಳಕೋ.”

ಅವಳ ಮಾತು ಅನ್ಯಾಯದ್ದಲ್ಲ. ಶಿಕ್ಷೆ ಆಗುವುದಿದ್ದರೆ ಇಬ್ಬರಿಗೂ. ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟೆ. ರೈಲಿನಲ್ಲಿ ಎರಡು ಪಟ್ಟಿ ಮಾಡಿದೆ. ಮೊದಲನೆಯದರಲ್ಲಿ ಆರು ಮೂಲ: ಆ ಐದು ಮತ್ತು ಪ್ರಬಂಧ. ನೋಡಲು ಬಹಳ ಚೆನ್ನಾಗಿತ್ತು. ಎರಡನೆಯದರಲ್ಲಿ ಎರಡೇ: ಒಂದು ಕಾರ್ಡಿನ ನೆರಳಚ್ಚು, ಒಬ್ಬ ಹೆಂಗಸು. ವಾಡಿ ಬರುವ ತನಕ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮೊದಲ ಪಟ್ಟಿಯ ಆರು ಸಾಲುಗಳಲ್ಲಿ ಆ ಡೇರೆಗೆ ಹೋದ ರೀಲನ್ನು ಕೈಯಿಂದ ಮುಟ್ಟಿದವರು ಒಬ್ಬರೂ ಇರಲಿಲ್ಲ. ಅದನ್ನು ಮಡಚಿ ಚೀಲದ ತಳಕ್ಕೆ ಹಾಕಿದೆ. ಬೇಕೆಂದರೆ ನಿನ್ನ ಹೆಸರು ತೆಗೆದು ನಾನೊಬ್ಬಳೇ ಕೊಡುತ್ತೇನೆ ಎಂದು ರಾಯಚೂರಿನಲ್ಲಿ ಇಳಿದ ಮೇಲೆ ಮಂಜುಳಾಗೆ ಹೇಳಿದೆ. ಅವಳು ನನ್ನನ್ನು ಹುಚ್ಚಿ ಎಂದು ಬೈದಳು. ಹೆಸರು ತೆಗೆಯಲು ಮಾತ್ರ ಒಪ್ಪಲಿಲ್ಲ.

ಸೋಮವಾರ, 10.30

ದೇಸಾಯಿ ಸರ್ ಎರಡನೇ ಪಟ್ಟಿಯನ್ನು ನಾಲ್ಕು ನಿಮಿಷ ಓದಿದರು. ಅದರ ಕೊನೆಗೆ ಮೂರು ಸಾಲಿನ ತೀರ್ಮಾನವಿತ್ತು. ಖಚಿತ: ಪೆಟ್ಟಿಗೆಯೊಳಗಿನ ಚಿತ್ರ ಬದಲಾಗಿದೆ. ಬಹುಮಟ್ಟಿಗೆ ನಿಜ: ಆ ಚಿತ್ರ ಕನ್ನಡದ್ದು, ಇದಕ್ಕೆ ಒಬ್ಬರ ನೆನಪು ಮತ್ತು ಅವರ ಕೈಬರಹ ಆಧಾರ, ನೆನಪು ತಪ್ಪಿರಲೂಬಹುದು. ಗೊತ್ತಿಲ್ಲ: ಯಾವ ಚಿತ್ರ.

“ನಿಮ್ಮ ಸಿನಿಮಾದ ಮೊದಲನೇ ವಾಕ್ಯ ಹೋತಲ್ಲ,” ಎಂದರು.

“ಹೋತ್ರಿ ಸರ್.”

“ಮತ್ತ ಏನು ಉಳೀತು?”

ಶಾಂತಾಬಾಯಿಯ ಹೆಸರಿದ್ದ ಸಾಲನ್ನು ಮಂಜುಳಾ ತೋರಿಸಿದಳು. ನಾನಲ್ಲ, ಮಂಜುಳಾ. ಸರ್ ಪೆನ್ನು ತೆಗೆದು ಸಹಿ ಮಾಡಿದರು. ಆಮೇಲೆ ಕೆಂಪು ಪೆನ್ಸಿಲ್ಲು ತೆಗೆದು ‘ಗೊತ್ತಿಲ್ಲ’ ಎಂಬ ಮೂರನೇ ಸಾಲಿನ ಸುತ್ತ ಗೆರೆ ಎಳೆದರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಲಿಂಗಸುಗೂರಿನ ಡೇರೆಯಲ್ಲಿ ಆ ಚಿತ್ರ ಆರು ದಿನ ಓಡಿದೆ. ಹದಿನಾಲ್ಕು ರೀಲು. ಕಾರ್ಡಿನ ಮೇಲೆ ತೆಲುಗು ಹೆಸರು, ಒಳಗೆ ನಮ್ಮ ಮಾತು. ಆರನೇ ರೀಲಿನಲ್ಲಿ, ಮಧ್ಯಂತರಕ್ಕೆ ಸ್ವಲ್ಪ ಮುಂಚೆ, ಒಂದು ಹಾಡಿನ ನಡುವೆ ರೀಲು ಹರಿದು ಡೇರೆ ಕತ್ತಲಾಗಿರಬೇಕು. ಇರಬೇಕು ಎಂದು ನಾನೂ ಬರೆಯುತ್ತಿದ್ದೇನೆ, ನೋಡಿ. ಆ ಕತ್ತಲಲ್ಲಿ ಕೂತಿದ್ದವರು, ಸಿಳ್ಳೆ ಹಾಕಿದವರು, ಅಪ್ಪನ ಹೆಗಲ ಮೇಲೆ ನಿದ್ದೆ ಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಚಿತ್ರದ ಹೆಸರು ನೆನಪಿಲ್ಲದಿದ್ದರೆ ಹಾಡಿನ ಒಂದು ಸಾಲಾದರೂ ಸಾಕು. ಜೀಡಿಮೆಟ್ಲಾಕ್ಕೆ ಹೋಗಿ ಹಾಡಿ ತೋರಿಸುತ್ತೇನೆ. ಅದು ಎಲ್ಲಿ ಹರಿಯುತ್ತಿತ್ತು ಎಂದು ಆಯಿ ಹೇಳುತ್ತಾರೆ.